ವಿದೇಶದ ಹಳ್ಳಿಯಲ್ಲಿ ಇಂಟರ್ನ್‌ಶಿಪ್: ಎರಾಸ್ಮಸ್ ಹಣದಲ್ಲಿ ಸಮುದಾಯ ಪ್ರವಾಸೋದ್ಯಮ ಕಲಿಯುವುದು ಹೇಗೆ?

ಪ್ರತಿ ವರ್ಷ ಅಕ್ಟೋಬರ್ ಬಂತು ಅಂದರೆ ಇದೇ ಪ್ರಶ್ನೆ. ಜರ್ಮನಿಯಿಂದ, ಪೋರ್ಚುಗಲ್‌ನಿಂದ, ಸ್ಲೊವೇನಿಯಾದಿಂದ ನಮ್ಮ ಹುಡುಗ ಹುಡುಗಿಯರು ಕೇಳುತ್ತಾರೆ. "ಅಕ್ಕಾ, ಇಲ್ಲಿ ಮಾಸ್ಟರ್ಸ್ ಮಾಡ್ತಾ ಇದೀನಿ. ದೊಡ್ಡ ಹೋಟೆಲ್‌ನಲ್ಲಿ ಇಂಟರ್ನ್‌ಶಿಪ್ ಬೇಡ, ಹಳ್ಳಿಯಲ್ಲಿ ಮಾಡಬೇಕು. ದುಡ್ಡು ಯಾರು ಕೊಡ್ತಾರೆ?" ನಾನೂ ಜರ್ಮನಿಯಲ್ಲಿ ಓದುವಾಗ ಇಟಲಿಯ ಒಂದು ಬೆಟ್ಟದ ಊರಿನಲ್ಲಿ ನಾಲ್ಕು ತಿಂಗಳು ಹೀಗೇ ಇದ್ದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹೇಳುತ್ತೇನೆ.

ಒಂದು ಮಾತು ಮೊದಲೇ ಸ್ಪಷ್ಟ ಇರಲಿ. ಈ ಲೇಖನ ಯುರೋಪಿನ ಯೂನಿವರ್ಸಿಟಿಯಲ್ಲಿ ಈಗ ಓದುತ್ತಿರುವವರಿಗೆ. ನೀವು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಓದುತ್ತಿದ್ದರೆ ನೇರವಾಗಿ ಎರಾಸ್ಮಸ್‌ಗೆ, ಅಂದರೆ ಯುರೋಪಿಯನ್ ಒಕ್ಕೂಟ ವಿದ್ಯಾರ್ಥಿಗಳಿಗೆ ಕೊಡುವ ಈ ಹಣಕ್ಕೆ, ಅರ್ಜಿ ಹಾಕಲು ಬರುವುದಿಲ್ಲ. ನಿಮ್ಮ ಕಾಲೇಜಿಗೂ ಯುರೋಪಿನ ಒಂದು ಯೂನಿವರ್ಸಿಟಿಗೂ ಎರಾಸ್ಮಸ್ ಒಪ್ಪಂದ ಇದ್ದರೆ ಮಾತ್ರ ದಾರಿ ಇದೆ. ಅದನ್ನು ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿಭಾಗದಲ್ಲಿ ಕೇಳಿ. ದುಡ್ಡು ತೆಗೆದುಕೊಂಡು "ಎರಾಸ್ಮಸ್ ಮಾಡಿಸಿಕೊಡ್ತೀವಿ" ಅನ್ನುವ ಏಜೆಂಟರನ್ನು ನಂಬಬೇಡಿ. ಈ ಅರ್ಜಿಗೆ ಶುಲ್ಕವೇ ಇಲ್ಲ.

ಸಮುದಾಯ ಪ್ರವಾಸೋದ್ಯಮ ಅಂದರೇನು?

ಬರೀ ಹೋಂಸ್ಟೇ ಅಲ್ಲ. ಕೊಡಗಿನಲ್ಲೋ ಸಕಲೇಶಪುರದಲ್ಲೋ ಒಂದು ಹೋಂಸ್ಟೇ ಇದ್ದರೆ ಅದು ಒಂದು ಕುಟುಂಬದ ವ್ಯವಹಾರ. ಬಂದ ಹಣ ಆ ಮನೆಗೆ. ಸಮುದಾಯ ಪ್ರವಾಸೋದ್ಯಮದಲ್ಲಿ ಊರಿನವರು ಸೇರಿ ನಿರ್ಧಾರ ಮಾಡುತ್ತಾರೆ. ರೇಟು ಎಷ್ಟು, ಅತಿಥಿ ಯಾರ ಮನೆಗೆ, ಊರಿನ ಪಾಲು ಎಷ್ಟು, ಎಲ್ಲವೂ ಒಟ್ಟಾಗಿ ಆಗುವ ತೀರ್ಮಾನ. ನೇಪಾಳದ ಸಿರುಬಾರಿಯಲ್ಲಿ 1997ರಿಂದ ಹೀಗೆ ನಡೆಯುತ್ತಿದೆ. ಗುರುಂಗ್ ಜನರ ಆ ಊರಿಗೆ ಬಂದವರು ತಮಗೆ ಇಷ್ಟ ಬಂದ ಮನೆಗೆ ಹೋಗುವಂತಿಲ್ಲ. ಸಮಿತಿ ಸರದಿ ಪ್ರಕಾರ ಮನೆ ಹಂಚುತ್ತದೆ.

ಯುರೋಪಿನಲ್ಲಿ ನನಗೆ ತುಂಬ ಇಷ್ಟವಾದ ಉದಾಹರಣೆ ಇಟಲಿಯ ಸುಚ್ಚೀಸೊ. ಅಪೆನ್ನೈನ್ ಬೆಟ್ಟಗಳ ನಡುವಿನ ಪುಟ್ಟ ಊರು. ಜನ ಪಟ್ಟಣಕ್ಕೆ ಹೋದರು, ಅಂಗಡಿ ಮುಚ್ಚಿತು, ಬಾರ್ ಮುಚ್ಚಿತು. ಅಲ್ಲಿ ಬಾರ್ ಅಂದರೆ ಕಾಫಿ ಕುಡಿದು ಹರಟೆ ಹೊಡೆಯುವ ಜಾಗ, ನಮ್ಮೂರ ಹೋಟೆಲ್ ಕಟ್ಟೆ ಇದ್ದ ಹಾಗೆ. 1991ರಲ್ಲಿ ಉಳಿದವರೇ ಸೇರಿ 'ವಾಲ್ಲೆ ದೈ ಕವಾಲಿಯೆರಿ' ಅನ್ನುವ ಸಹಕಾರ ಸಂಘ ಕಟ್ಟಿದರು. ಅಂಗಡಿ, ಬಾರ್, ಊಟದ ಮನೆ, ಅತಿಥಿಗಳ ಕೋಣೆ, ಕುರಿ ಸಾಕಣೆ, ಕುರಿ ಹಾಲಿನ ಚೀಸ್, ಎಲ್ಲ ಸಂಘದ್ದೇ. ನಮ್ಮ ಕಡೆ ಸೊಸೈಟಿ ಗೊಬ್ಬರ, ಸಾಲ ಕೊಡುತ್ತದಲ್ವಾ? ಅಲ್ಲಿಯ ಸೊಸೈಟಿ ಊರನ್ನೇ ಉಳಿಸಿಕೊಂಡಿದೆ. ಇಂಥ ಸಂಘಗಳಿಗೆ ಇಟಲಿಯಲ್ಲಿ 'ಕೊಓಪೆರಾತೀವಾ ದಿ ಕೊಮುನಿತಾ' ಅನ್ನುತ್ತಾರೆ, ಅಂದರೆ ಸಮುದಾಯದ ಸಹಕಾರ ಸಂಘ. ಹುಡುಕುವಾಗ ಈ ಹೆಸರು ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಹಂತ 1: ನೀವು ಅರ್ಹರೇ ನೋಡಿ

ಎರಾಸ್ಮಸ್ ಪ್ಲಸ್ ಯುರೋಪಿಯನ್ ಒಕ್ಕೂಟದ ಯೋಜನೆ. ಓದಲು ಬೇರೆ ದೇಶಕ್ಕೆ ಹೋಗುವವರಿಗೆ ಮಾತ್ರ ಇದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಕೆಲಸ ಕಲಿಯಲು ಹೋಗುವವರಿಗೂ ಹಣ ಇದೆ. ಅದಕ್ಕೆ 'ಟ್ರೇನಿಶಿಪ್' ಅನ್ನುತ್ತಾರೆ. ಇಂಟರ್ನ್‌ಶಿಪ್ ಅಂದರೂ ಅದೇ.

ಇಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಮುಖ್ಯ ಅಲ್ಲ. ನೀವು ಎಲ್ಲಿ ಓದುತ್ತಿದ್ದೀರಿ ಅನ್ನುವುದು ಮುಖ್ಯ. ಯೋಜನೆಯಲ್ಲಿರುವ ದೇಶದ ಯೂನಿವರ್ಸಿಟಿಯಲ್ಲಿ ಡಿಗ್ರಿಗೆ ಸೇರಿರಬೇಕು, ಆ ಯೂನಿವರ್ಸಿಟಿಗೆ ಎರಾಸ್ಮಸ್ ಸನದು, ಅಂದರೆ ಯೋಜನೆಯಲ್ಲಿ ಸೇರಲು ಒಕ್ಕೂಟ ಕೊಟ್ಟ ಒಪ್ಪಿಗೆ ಪತ್ರ, ಇರಬೇಕು. ಬಹುತೇಕ ಎಲ್ಲ ಸರ್ಕಾರಿ ಯೂನಿವರ್ಸಿಟಿಗಳಿಗೂ ಇದೆ. ಭಾರತದ ಪಾಸ್‌ಪೋರ್ಟ್ ಇದ್ದವರು ಧೈರ್ಯವಾಗಿ ಅರ್ಜಿ ಹಾಕಿ.

ಅವಧಿ ಕನಿಷ್ಠ 2 ತಿಂಗಳು, ಗರಿಷ್ಠ 12 ತಿಂಗಳು. ಒಂದು ಹಂತದ ಓದಿಗೆ, ಅಂದರೆ ಬ್ಯಾಚುಲರ್ಸ್‌ಗೆ 12 ತಿಂಗಳು, ಮಾಸ್ಟರ್ಸ್‌ಗೆ ಬೇರೆ 12 ತಿಂಗಳು. ಈಗಾಗಲೇ ಎರಾಸ್ಮಸ್‌ನಲ್ಲಿ ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಿದ್ದರೆ ಅದೂ ಇದೇ 12ರಲ್ಲಿ ಕಳೆಯುತ್ತದೆ.

ಓದು ಮುಗಿದ ಮೇಲೂ ಹೋಗಬಹುದು. ಆದರೆ ಅರ್ಜಿ ಹಾಕಿ ಆಯ್ಕೆಯಾಗುವುದು ಕೊನೆಯ ವರ್ಷದಲ್ಲೇ ಆಗಿರಬೇಕು. ಪದವಿ ಸಿಕ್ಕ 12 ತಿಂಗಳೊಳಗೆ ಇಂಟರ್ನ್‌ಶಿಪ್ ಮುಗಿದಿರಬೇಕು. ಇಲ್ಲಿ ಎಡವುವವರು ತುಂಬ. ಥೀಸಿಸ್ ಕೊಟ್ಟು, ರಿಸಲ್ಟ್ ಬಂದು, ಆಮೇಲೆ ನಿಧಾನವಾಗಿ ಯೂನಿವರ್ಸಿಟಿಯ ಅಂತರರಾಷ್ಟ್ರೀಯ ಆಫೀಸಿಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಪಡೆಯುತ್ತಿರುವವರಿಗೆ ಬೇರೆ ಎಚ್ಚರಿಕೆ. ಅದೂ ಒಕ್ಕೂಟದ ಹಣ, ಇದೂ ಒಕ್ಕೂಟದ ಹಣ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ.

ಹಂತ 2: ವೀಸಾ ವಿಷಯ ಮೊದಲೇ ಕೇಳಿ

ನಮ್ಮ ಯುರೋಪಿಯನ್ ಸಹಪಾಠಿಗಳು ಇದನ್ನು ಹೇಳುವುದಿಲ್ಲ, ಯಾಕೆಂದರೆ ಅವರಿಗೆ ಇದರ ಅಗತ್ಯವೇ ಇಲ್ಲ. ಬ್ಯಾಗ್ ಹಾಕಿಕೊಂಡು ರೈಲು ಹತ್ತಿದರೆ ಆಯಿತು. ನಮಗೆ ಹಾಗಲ್ಲ.

ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕೈಯಲ್ಲಿದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಲ್ಲಿ, 180 ದಿನಗಳಲ್ಲಿ 90 ದಿನ ಇರಬಹುದು. ಇದು ಓಡಾಟಕ್ಕೆ ಕೊಟ್ಟ ಅನುಮತಿ. ಕೆಲಸಕ್ಕೆ ಕೊಟ್ಟದ್ದಲ್ಲ. ಸಂಬಳ ಇಲ್ಲದ ಇಂಟರ್ನ್‌ಶಿಪ್ ಆದರೂ ಕೆಲವು ದೇಶಗಳು ಅದನ್ನು ಕೆಲಸ ಎಂದೇ ಲೆಕ್ಕ ಹಾಕುತ್ತವೆ. ಹಾಗಾಗಿ ಮೂರು ಕಡೆ ಕೇಳಿ. ನಿಮ್ಮ ಯೂನಿವರ್ಸಿಟಿಯ ಅಂತರರಾಷ್ಟ್ರೀಯ ಆಫೀಸ್, ನೀವು ಹೋಗಬೇಕೆಂದಿರುವ ದೇಶದ ಕಾನ್ಸುಲೇಟ್, ನೀವಿರುವ ಊರಿನ ವಿದೇಶಿಯರ ಕಚೇರಿ. ಕೇಳುವುದು ಇಮೇಲ್‌ನಲ್ಲೇ ಆಗಲಿ. ಬಾಯಿಮಾತಿನ ಉತ್ತರ ನಾಳೆ ಕೆಲಸಕ್ಕೆ ಬರುವುದಿಲ್ಲ.

ಜರ್ಮನಿಯಲ್ಲಿ ಓದುವವರು ಇನ್ನೊಂದು ಲೆಕ್ಕ ನೆನಪಿಡಬೇಕು. ಮೊದಲೇ ಅನುಮತಿ ಪಡೆಯದೆ 6 ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ ರೆಸಿಡೆನ್ಸ್ ಪರ್ಮಿಟ್ ರದ್ದಾಗುತ್ತದೆ. ಇಂಟರ್ನ್‌ಶಿಪ್ 5 ತಿಂಗಳು, ಅಲ್ಲಿಂದಲೇ ಊರಿಗೆ ಹೋಗಿ ಅಮ್ಮನ ಹತ್ತಿರ 6 ವಾರ ಇದ್ದು ಬರೋಣ ಅಂತ ಯೋಚಿಸಿದ್ದೀರಾ? ಹೋಗುವ ಮೊದಲೇ ವಿದೇಶಿಯರ ಕಚೇರಿಯಿಂದ ಹೆಚ್ಚಿನ ಅವಧಿಗೆ ಪತ್ರ ಮಾಡಿಸಿಕೊಳ್ಳಿ. ಪರ್ಮಿಟ್‌ನ ಕೊನೆಯ ದಿನಾಂಕವನ್ನೂ ಈಗಲೇ ತೆಗೆದು ನೋಡಿ. ಇಂಟರ್ನ್‌ಶಿಪ್ ನಡುವೆ ಅದು ಮುಗಿಯುತ್ತಿದ್ದರೆ ನವೀಕರಣ ಮೊದಲು, ಪ್ರಯಾಣ ಆಮೇಲೆ.

ಹಂತ 3: ಊರು ಹುಡುಕುವುದು

ಎರಾಸ್ಮಸ್ ನಿಮಗೆ ಊರು ಹುಡುಕಿಕೊಡುವುದಿಲ್ಲ. ಹುಡುಕಬೇಕಾದವರು ನೀವೇ. ಹೋಸ್ಟ್, ಅಂದರೆ ನಿಮ್ಮನ್ನು ಇಟ್ಟುಕೊಂಡು ಕೆಲಸ ಕಲಿಸುವ ಸಂಸ್ಥೆ, ಕಂಪನಿಯೇ ಆಗಬೇಕೆಂದಿಲ್ಲ. ಸಹಕಾರ ಸಂಘ, ಎನ್‌ಜಿಒ, ಪಂಚಾಯಿತಿ, ರಾಷ್ಟ್ರೀಯ ಉದ್ಯಾನದ ಕಚೇರಿ, ಯಾವುದಾದರೂ ಆಗಬಹುದು. ಹೋಸ್ಟ್‌ಗೆ ಎರಾಸ್ಮಸ್ ಸನದು ಬೇಕಿಲ್ಲ. ಆದರೆ ನೀವು ಓದುತ್ತಿರುವ ದೇಶದಲ್ಲೇ ಇರುವ ಹೋಸ್ಟ್ ಆಗುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು? ಇಟಲಿಯ ಸಮುದಾಯ ಸಹಕಾರ ಸಂಘಗಳನ್ನು ಆಗಲೇ ಹೇಳಿದೆ. ಪೋರ್ಚುಗಲ್‌ನ ನಡುಭಾಗದಲ್ಲಿ 'ಅಲ್ದೇಯಶ್ ದು ಶಿಸ್ಟು' ಅನ್ನುವ 27 ಕಲ್ಲುಮನೆ ಹಳ್ಳಿಗಳ ಒಂದು ಜಾಲ ಇದೆ. ಶಿಸ್ಟ್ ಅಂದರೆ ಪದರ ಪದರವಾಗಿ ಬಿಡುವ ಕಲ್ಲು, ಅಲ್ಲಿಯ ಮನೆಗಳೆಲ್ಲ ಅದರಲ್ಲೇ ಕಟ್ಟಿದವು. ಸ್ಲೊವೇನಿಯಾದ ಸೊಲ್ಚಾವಾ ಕಣಿವೆಯನ್ನೂ ನೋಡಿ. ಯುರೋಪಿನ ಹೊರಗೂ ಹೋಗಬಹುದು. 2021ರಿಂದ ಯೂನಿವರ್ಸಿಟಿಗಳು ಈ ಹಣದ ಒಂದು ಭಾಗವನ್ನು ಬೇರೆ ಖಂಡಗಳಿಗೆ ಹೋಗುವವರಿಗೂ ಕೊಡಬಹುದು. ಕೊಡುವುದು ಬಿಡುವುದು ಆಯಾ ಯೂನಿವರ್ಸಿಟಿಗೆ ಬಿಟ್ಟದ್ದು. ಹಾಗಿದ್ದರೆ ಕಿರ್ಗಿಸ್ತಾನದ ಕೊಚ್ಕೋರ್ ಒಳ್ಳೆಯ ಜಾಗ. ಅಲ್ಲಿ 2000ದ ಹೊತ್ತಿಗೆ ಸ್ವಿಸ್ ಸಂಸ್ಥೆ ಹೆಲ್ವೆಟಾಸ್‌ನ ನೆರವಿನಿಂದ ಅತಿಥಿಗಳನ್ನು ಇಟ್ಟುಕೊಳ್ಳುವ ಮನೆಗಳ ಗುಂಪು ಶುರುವಾಗಿ, ಆಮೇಲೆ ದೇಶದ ಬೇರೆ ಕಡೆಗೂ ಹರಡಿತು.

ಹೆಸರು ನೋಡಿ ಮರುಳಾಗಬೇಡಿ. ಇಟಲಿಯಲ್ಲಿ 'ಅಲ್ಬೆರ್ಗೊ ದಿಫ್ಫೂಸೊ' ಅಂತ ಇದೆ, ಊರೆಲ್ಲ ಹರಡಿಕೊಂಡ ಹೋಟೆಲ್ ಅಂತ ಅರ್ಥ. ಕೋಣೆಗಳು ಹಳೆಯ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತವೆ. 1976ರ ಭೂಕಂಪದ ನಂತರ ಫ್ರಿಯೂಲಿ ಪ್ರದೇಶದಲ್ಲಿ ಹುಟ್ಟಿದ ಒಳ್ಳೆಯ ಯೋಚನೆ ಅದು. ಆದರೆ ಕೆಲವು ಕಡೆ ಇಡೀ ಹೋಟೆಲ್ ಒಬ್ಬನೇ ಮಾಲೀಕನದು. ಊರಿನವರು ಅಲ್ಲಿ ಕೂಲಿಗೆ ಮಾತ್ರ. ಹಾಗಾಗಿ ಯಾವ ಊರನ್ನೇ ನೋಡಿ, ಮನೆಗಳು ಯಾರ ಹೆಸರಿನಲ್ಲಿವೆ, ರೇಟು ಯಾರು ತೀರ್ಮಾನಿಸುತ್ತಾರೆ, ಊರಿನ ಪಾಲು ಯಾವ ಖಾತೆಗೆ ಹೋಗುತ್ತದೆ ಅಂತ ಕೇಳಿ. ಉತ್ತರ ಪಟ್ಟಣದ ಸೇಲ್ಸ್ ಆಫೀಸಿನಿಂದ ಬಂದರೆ ಆ ಊರನ್ನು ಬಿಟ್ಟುಬಿಡಿ.

ಋತುವನ್ನೂ ನೋಡಿಕೊಳ್ಳಿ. ಬೆಟ್ಟದ ಊರಿಗೆ ಫೆಬ್ರವರಿಯಲ್ಲಿ ಹೋದರೆ ಅತಿಥಿಯೂ ಇರುವುದಿಲ್ಲ, ಕೆಲಸವೂ ಇರುವುದಿಲ್ಲ. ಆಗಸ್ಟ್‌ನಲ್ಲಿ ಹೋದರೆ ಮಾತಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಅಪೆನ್ನೈನ್ ಕಡೆ ನನ್ನ ಅನುಭವದಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ಚೆನ್ನ. ಚಾರಣಕ್ಕೆ ಬರುವವರು ಇನ್ನೂ ಇರುತ್ತಾರೆ. ಅಕ್ಟೋಬರ್‌ನಲ್ಲಿ ಚೆಸ್ಟ್‌ನಟ್ ಕೊಯ್ಲು. ಅದು ಮುಗಿದ ಮೇಲೆ ಊರಿನವರು ನಿಮ್ಮ ಜೊತೆ ಕೂತು ಲೆಕ್ಕ ನೋಡುವಷ್ಟು ಬಿಡುವಾಗುತ್ತಾರೆ.

ಹಂತ 4: ಮೊದಲ ಪತ್ರ

ಆರು ತಿಂಗಳು ಮೊದಲೇ ಬರೆಯಿರಿ. ಜನ ಸಾಮಾನ್ಯವಾಗಿ ಬರೆಯುವುದು ಹೀಗೆ:

"ನಾನು ಪ್ರವಾಸೋದ್ಯಮದ ವಿದ್ಯಾರ್ಥಿನಿ. ಸುಸ್ಥಿರ ಅಭಿವೃದ್ಧಿಯಲ್ಲಿ ತುಂಬಾ ಆಸಕ್ತಿ ಇದೆ. ನಿಮ್ಮಲ್ಲಿ ಯಾವುದಾದರೂ ಅವಕಾಶ ಇದ್ದರೆ ದಯವಿಟ್ಟು ತಿಳಿಸಿ."

ಇದಕ್ಕೆ ಉತ್ತರ ಬರುವುದಿಲ್ಲ. ಓದಿದವರಿಗೆ ನಿಮ್ಮಿಂದ ಏನಾಗಬೇಕು ಅಂತ ಗೊತ್ತಾಗುವುದಿಲ್ಲ. ಇದರ ಬದಲು ಹೀಗೆ ಬರೆದು ನೋಡಿ:

"ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ನಾಲ್ಕು ತಿಂಗಳು ನಿಮ್ಮ ಊರಿನಲ್ಲಿ ಕೆಲಸ ಕಲಿಯಲು ಬರಬೇಕೆಂದಿದ್ದೇನೆ. ಖರ್ಚಿಗೆ ಎರಾಸ್ಮಸ್ ಗ್ರಾಂಟ್‌ಗೆ ಅರ್ಜಿ ಹಾಕುತ್ತಿದ್ದೇನೆ. ನಿಮ್ಮ ನಡಿಗೆ ದಾರಿಗಳ ಮಾಹಿತಿ ಇಟಾಲಿಯನ್‌ನಲ್ಲಿ ಮಾತ್ರ ಇದೆ. ನಿಮ್ಮವರ ಜೊತೆ ಆ ದಾರಿಗಳಲ್ಲಿ ನಡೆದು ಇಂಗ್ಲಿಷ್ ಮತ್ತು ಜರ್ಮನ್‌ನಲ್ಲಿ ಬರೆದುಕೊಡಬಲ್ಲೆ. ನಮ್ಮ ಮನೆಯಲ್ಲಿ ಅಡಿಕೆ ತೋಟದ ಜೊತೆ ಹೋಂಸ್ಟೇ ಇದೆ, ಅತಿಥಿಗಳನ್ನು ನೋಡಿಕೊಂಡು ಅಭ್ಯಾಸ ಇದೆ. ಮುಂದಿನ ವಾರ ಒಂದು ಸಂಜೆ ಹದಿನೈದು ನಿಮಿಷ ಫೋನ್‌ನಲ್ಲಿ ಮಾತಾಡಬಹುದೇ?"

ತಾರೀಕು ಇದೆ, ಹಣ ಎಲ್ಲಿಂದ ಅಂತ ಇದೆ, ಅವರ ಊರನ್ನು ನೋಡಿ ಬರೆದ ಗುರುತಿದೆ. ಪತ್ರ ಅವರ ಭಾಷೆಯಲ್ಲೇ ಇರಲಿ. ವ್ಯಾಕರಣ ತಪ್ಪಿದ್ದರೂ ಪರವಾಗಿಲ್ಲ. ಒಂದು ವಾರ ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಫೋನ್ ಮಾಡಿ. ಸಣ್ಣ ಊರಿನ ಸಂಘದಲ್ಲಿ ಇಮೇಲ್ ನೋಡುವವರು ವಾರಕ್ಕೊಮ್ಮೆ ನೋಡುತ್ತಾರೆ.

"ಸಂಬಳ ಬೇಡವೇ ಬೇಡ" ಅಂತ ಮಾತ್ರ ಬರೆಯಬೇಡಿ. ಎರಾಸ್ಮಸ್ ಗ್ರಾಂಟ್ ಜೊತೆಗೆ ಹೋಸ್ಟ್ ಸಹ ಹಣ ಕೊಡಬಹುದು, ನಿಯಮದಲ್ಲಿ ಅಡ್ಡಿ ಇಲ್ಲ. ಸಣ್ಣ ಸಂಘಕ್ಕೆ ಹಣ ಕೊಡಲು ಕಷ್ಟ ಆಗಬಹುದು. ಇರಲು ಕೋಣೆ, ಮಧ್ಯಾಹ್ನದ ಊಟ ಕೇಳುವುದರಲ್ಲಿ ಸಂಕೋಚ ಬೇಡ.

ಅನುಭವ ಏನೂ ಇಲ್ಲವೇ? ರಜೆಗೆ ಊರಿಗೆ ಬಂದಾಗ ಆನೆಗುಂದಿಗೆ ಹೋಗಿ ಬನ್ನಿ. ಹಂಪಿಯಿಂದ ತುಂಗಭದ್ರೆ ದಾಟಿದರೆ ಸಿಗುತ್ತದೆ. ಹಳೆಯ ಮನೆಗಳಲ್ಲಿ ಅತಿಥಿಗಳು ಇಳಿಯುತ್ತಾರೆ, ಹೆಣ್ಣುಮಕ್ಕಳು ಬಾಳೆ ನಾರಿನಲ್ಲಿ ಬುಟ್ಟಿ, ಚೀಲ ಮಾಡುತ್ತಾರೆ. ಎರಡು ದಿನ ಉಳಿದು ಕೇಳಿ ತಿಳಿದುಕೊಂಡರೆ ನಿಮ್ಮ ಪತ್ರದಲ್ಲಿ ಬರೆಯಲು ನಿಜವಾದ ಮಾತು ಸಿಗುತ್ತದೆ.

ಹಂತ 5: ಲರ್ನಿಂಗ್ ಅಗ್ರಿಮೆಂಟ್

ಇಡೀ ವ್ಯವಹಾರದ ಜೀವ ಇರುವುದು ಈ ಕಾಗದದಲ್ಲಿ. ನೀವು, ನಿಮ್ಮ ಯೂನಿವರ್ಸಿಟಿ, ಹೋಸ್ಟ್, ಮೂವರೂ ಸಹಿ ಮಾಡುವ ಒಪ್ಪಂದ. ನೀವು ಏನು ಕೆಲಸ ಮಾಡುತ್ತೀರಿ, ವಾರಕ್ಕೆ ಎಷ್ಟು ಗಂಟೆ, ಏನು ಕಲಿಯುತ್ತೀರಿ, ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ, ಕೊನೆಗೆ ಹೇಗೆ ಅಳೆಯುತ್ತಾರೆ ಅನ್ನುವುದೆಲ್ಲ ಇದರಲ್ಲಿ ಇರಬೇಕು. ಮೂರು ಭಾಗ ಇದೆ: ಹೋಗುವ ಮೊದಲು, ಅಲ್ಲಿರುವಾಗ, ಬಂದ ಮೇಲೆ.

ನಾನು ಇದನ್ನು ಒಂದು ಫಾರ್ಮಾಲಿಟಿ ಅಂದುಕೊಂಡು ಒಂದೇ ಸಂಜೆಯಲ್ಲಿ ತುಂಬಿಸಿದ್ದೆ. ಕೆಲಸದ ವಿವರದಲ್ಲಿ "ಪ್ರವಾಸಿಗರಿಗೆ ನೆರವು, ದೈನಂದಿನ ಚಟುವಟಿಕೆಗಳಲ್ಲಿ ಭಾಗಿ" ಅಂತ ಬರೆದೆ. ಮೊದಲ ಮೂರು ವಾರ ಪಾತ್ರೆ ತೊಳೆದೆ, ಹಾಸಿಗೆ ಬಟ್ಟೆ ಬದಲಾಯಿಸಿದೆ. ಆ ಕೆಲಸ ಕೀಳಲ್ಲ. ಊರಿನ ಎಲ್ಲರೂ ಅದನ್ನು ಮಾಡುತ್ತಾರೆ, ನೀವೂ ಮಾಡಬೇಕು. ಆದರೆ ಅದಷ್ಟೇ ಆದರೆ ಕಲಿಯಲು ಹೋದದ್ದಕ್ಕೆ ಅರ್ಥ ಇಲ್ಲ. ನಾಲ್ಕನೇ ವಾರ ಸಂಘದ ಹಿರಿಯರ ಜೊತೆ ಕೂತು ಎಲ್ಲವನ್ನೂ ಹೊಸದಾಗಿ ಬರೆದೆವು. 'ಅಲ್ಲಿರುವಾಗ' ಅನ್ನುವ ಎರಡನೇ ಭಾಗ ಇರುವುದೇ ಇದಕ್ಕೆ. ಬದಲಾವಣೆ ಬೇಕಾದರೆ ಅದರಲ್ಲಿ ತುಂಬಿಸಿ ಮೂವರೂ ಮತ್ತೆ ಸಹಿ ಮಾಡಬೇಕು. ತುಂಬ ಜನಕ್ಕೆ ಈ ದಾರಿ ಇದೆ ಅಂತಲೇ ಗೊತ್ತಿಲ್ಲ, ಸುಮ್ನೆ ಸಹಿಸಿಕೊಂಡು ವಾಪಸ್ ಬರುತ್ತಾರೆ.

ಎರಡನೇ ಸಲ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು. ವಾರಕ್ಕೆ 35 ಗಂಟೆ. ಅದರಲ್ಲಿ 10 ಗಂಟೆ ಅಡುಗೆಮನೆ ಮತ್ತು ಕೋಣೆಗಳ ಕೆಲಸ, ಸರದಿಯಲ್ಲಿ. 10 ಗಂಟೆ ಬುಕಿಂಗ್ ಮತ್ತು ಅತಿಥಿಗಳ ಜೊತೆ ಮಾತುಕತೆ. ಉಳಿದದ್ದು ನಾಲ್ಕು ನಡಿಗೆ ದಾರಿಗಳನ್ನು ನಡೆದು, ಸಮಯ ಅಳೆದು, ಎರಡು ಭಾಷೆಗಳಲ್ಲಿ ವಿವರ ಬರೆಯುವುದಕ್ಕೆ. ತಿಂಗಳಿಗೊಮ್ಮೆ ಸಂಘದ ಸಭೆಯಲ್ಲಿ ಕೂರುವುದು. ಪ್ರತಿ ಶುಕ್ರವಾರ ಅರ್ಧ ಗಂಟೆ ಮಾರ್ಗದರ್ಶಕರ ಜೊತೆ.

ಸಭೆಯಲ್ಲಿ ಕೂರುವ ಸಾಲನ್ನು ನೀವೂ ಹಾಕಿಸಿಕೊಳ್ಳಿ. ಸಮುದಾಯ ಪ್ರವಾಸೋದ್ಯಮ ನಡೆಯುವುದು ಅಲ್ಲೇ. ಕುರಿ ಕಾಯುವವರಿಗೂ ಕೋಣೆ ಬಾಡಿಗೆ ಕೊಡುವವರಿಗೂ ಜಗಳ ಆಗುವುದು, ಅದು ಬಗೆಹರಿಯುವುದು, ರೇಟು ಎರಡು ಯೂರೋ ಏರಿಸಲು ಎರಡು ಗಂಟೆ ಚರ್ಚೆ ಆಗುವುದು, ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಕ್ರೆಡಿಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಇಂಟರ್ನ್‌ಶಿಪ್ ನಿಮ್ಮ ಕೋರ್ಸಿನ ಭಾಗವೋ, ನೀವಾಗಿ ಮಾಡುತ್ತಿರುವುದೋ ಅಂತ ಅಗ್ರಿಮೆಂಟ್‌ನಲ್ಲಿ ಗುರುತು ಹಾಕಬೇಕು. ಕೋರ್ಸಿನ ಭಾಗ ಆದರೆ ಎಷ್ಟು ಕ್ರೆಡಿಟ್ ಅಂತ ಸಂಖ್ಯೆ ಬರೆಸಿಕೊಳ್ಳಿ. ಬಂದ ಮೇಲೆ ಚೌಕಾಸಿ ಮಾಡಲು ಆಗುವುದಿಲ್ಲ.

ಹಂತ 6: ಹಣದ ಲೆಕ್ಕ

ಗ್ರಾಂಟ್ ಎಲ್ಲ ದೇಶಕ್ಕೂ ಒಂದೇ ಅಲ್ಲ. ಜೀವನ ವೆಚ್ಚ ನೋಡಿ ದೇಶಗಳನ್ನು ಮೂರು ಗುಂಪು ಮಾಡಿದ್ದಾರೆ. ನಾರ್ವೆಯಂಥ ದುಬಾರಿ ದೇಶಕ್ಕೆ ಜಾಸ್ತಿ, ರೊಮೇನಿಯಾ, ಸರ್ಬಿಯಾದಂಥ ದೇಶಕ್ಕೆ ಕಡಿಮೆ. ಇಂಟರ್ನ್‌ಶಿಪ್ ಮಾಡುವವರಿಗೆ ಓದಲು ಹೋಗುವವರಿಗಿಂತ ತಿಂಗಳಿಗೆ 150 ಯೂರೋ ಹೆಚ್ಚು ಸಿಗುತ್ತದೆ. ಕಷ್ಟದ ಹಿನ್ನೆಲೆ, ಅಂಗವೈಕಲ್ಯ, ಚಿಕ್ಕ ಮಗು ಇರುವವರಿಗೆ ತಿಂಗಳಿಗೆ ಇನ್ನೂ 250 ಯೂರೋ ಸಿಗಬಹುದು. ಯಾರು ಇದರಲ್ಲಿ ಬರುತ್ತಾರೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ಆಫೀಸಿನಲ್ಲಿ ನೇರವಾಗಿ ಕೇಳಿ, ನಾಚಿಕೊಳ್ಳಬೇಡಿ.

ಹಣ ಪೂರ್ತಿ ಒಂದೇ ಸಲ ಬರುತ್ತದೆ ಅಂದುಕೊಂಡರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಸಾಮಾನ್ಯವಾಗಿ ದೊಡ್ಡ ಪಾಲು ಮೊದಲು, ಉಳಿದದ್ದು ನೀವು ವರದಿ ಕೊಟ್ಟ ಮೇಲೆ. ಒಂದು ಲೆಕ್ಕ ಹಾಕೋಣ. ತಿಂಗಳಿಗೆ 600 ಯೂರೋ ಅಂದುಕೊಳ್ಳಿ. ನಾಲ್ಕು ತಿಂಗಳಿಗೆ 2400. ಶೇ 80 ಮೊದಲು ಬಂದರೆ 1920 ಕೈಯಲ್ಲಿರುತ್ತದೆ. ಉಳಿದ 480 ನೀವು ವಾಪಸ್ ಬಂದು ಎಷ್ಟೋ ವಾರದ ಮೇಲೆ. ಕೊನೆಯ ತಿಂಗಳ ಖರ್ಚಿಗೆ ನಿಮ್ಮದೇ ಹಣ ಬೇಕು ಅಂತ ಅರ್ಥ. ಮೊದಲ ಕಂತೂ ಕೆಲವೊಮ್ಮೆ ತಡವಾಗುತ್ತದೆ. ಹೋಗುವಾಗ ಕನಿಷ್ಠ ಒಂದೂವರೆ ತಿಂಗಳ ಖರ್ಚು ಖಾತೆಯಲ್ಲಿ ಇಟ್ಟುಕೊಂಡೇ ಹೋಗಿ.

ಓದುವ ಊರಿನ ಕೋಣೆಯ ಬಾಡಿಗೆಯನ್ನು ಮರೆಯಬೇಡಿ. ಎರಡು ಕಡೆ ಬಾಡಿಗೆ ಕಟ್ಟಿದರೆ ಗ್ರಾಂಟ್ ಅಲ್ಲಿಗೇ ಮುಗಿಯಿತು. ಜರ್ಮನಿಯಲ್ಲಿ ಕೆಲವು ತಿಂಗಳಿಗೆ ಮಾತ್ರ ಕೋಣೆ ಬೇರೆಯವರಿಗೆ ಕೊಡುವುದಕ್ಕೆ 'ಜ್ವಿಶನ್‌ಮೀಟೆ' ಅನ್ನುತ್ತಾರೆ. ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ಒಪ್ಪಿಗೆ ಇಲ್ಲದೆ ಕೊಟ್ಟು ಕೋಣೆಯನ್ನೇ ಕಳೆದುಕೊಂಡವರು ನನಗೆ ಗೊತ್ತು.

ಹಳ್ಳಿ ಅಂದರೆ ಅಗ್ಗ ಅಂತಲೂ ತಿಳಿಯಬೇಡಿ. ಊಟ, ಕೋಣೆ ಅಗ್ಗ ಇರಬಹುದು, ಓಡಾಟ ಕಷ್ಟ. ಇಟಲಿಯ ಬೆಟ್ಟದ ಕೆಲವು ಬಸ್‌ಗಳು ಶಾಲೆ ಇರುವ ದಿನ ಮಾತ್ರ ಓಡುತ್ತವೆ. ವೇಳಾಪಟ್ಟಿಯಲ್ಲಿ 'ಸ್ಕೊಲಾಸ್ತಿಕೊ' ಅಂತ ಇದ್ದರೆ ರಜೆಯಲ್ಲಿ ಆ ಬಸ್ ಇಲ್ಲ ಅಂತ ತಿಳಿಯಿರಿ.

ಹಂತ 7: ಇನ್ಶೂರೆನ್ಸ್ ಮತ್ತು ಭಾಷೆ

ಮೂರು ಇನ್ಶೂರೆನ್ಸ್ ಬೇಕು. ಆರೋಗ್ಯ, ಅಪಘಾತ, ಮತ್ತು ನಿಮ್ಮಿಂದ ಬೇರೆಯವರಿಗೆ ನಷ್ಟವಾದರೆ ಕಟ್ಟಿಕೊಡುವ ಹೊಣೆಗಾರಿಕೆ ಇನ್ಶೂರೆನ್ಸ್. ಜರ್ಮನಿಯ ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆ ಇದ್ದರೆ ನಿಮ್ಮ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಆರೋಗ್ಯ ಕಾರ್ಡ್. ಖಾಸಗಿ ವಿಮೆ ಇದ್ದವರು ಬೇರೆ ದೇಶದಲ್ಲಿ ನಡೆಯುತ್ತದೆಯೇ ಅಂತ ಬರಹದಲ್ಲಿ ಕೇಳಿ. ಅಪಘಾತ, ಹೊಣೆಗಾರಿಕೆ ಇನ್ಶೂರೆನ್ಸ್ ಯಾರು ಮಾಡಿಸುತ್ತಾರೆ ಅನ್ನುವುದು ಅಗ್ರಿಮೆಂಟ್‌ನಲ್ಲೇ ಇರಬೇಕು.

ಭಾಷೆಗೆ ಎರಾಸ್ಮಸ್‌ನ ಆನ್‌ಲೈನ್ ಪಾಠಗಳು ಉಚಿತ. ಆಯ್ಕೆಯಾದ ದಿನದಿಂದಲೇ ಶುರು ಮಾಡಿ. ಬೆಟ್ಟದ ಊರಿನ ಅಜ್ಜ ಅಜ್ಜಿಯರಿಗೆ ಇಂಗ್ಲಿಷ್ ಬರುವುದಿಲ್ಲ. ಎ2 ಮಟ್ಟ, ಅಂದರೆ ದಿನದ ಸಣ್ಣಪುಟ್ಟ ಮಾತು ಆಡುವಷ್ಟು ಬಂದರೆ ಸಾಕು, ಉಳಿದದ್ದನ್ನು ಅವರೇ ಕಲಿಸುತ್ತಾರೆ.

ಹಂತ 8: ಊರಿನಲ್ಲಿ

ನಾನಿದ್ದ ಊರಿನ ಅಡುಗೆಮನೆ ಗೋಡೆಗೆ ಒಂದು ಉದ್ದ ನೋಟ್‌ಬುಕ್ ದಾರದಲ್ಲಿ ನೇತಾಡುತ್ತಿತ್ತು. ತಾರೀಕು, ಎಷ್ಟು ಜನ, ಯಾವ ಮನೆ, ಬೆಳಗಿನ ತಿಂಡಿ ಇದೆಯೋ ಇಲ್ಲವೋ, ಹಣ, ಊರಿನ ಪಾಲು. ಆರು ಕಾಲಮ್, ನೀಲಿ ಪೆನ್ನು, ಪುಟದ ಮೂಲೆಗಳಲ್ಲಿ ಎಣ್ಣೆ ಬೆರಳಿನ ಗುರುತು. ಬಂದ ಹೊಸತರಲ್ಲಿ ನನಗೆ ಅನಿಸಿದ್ದು, ಇದನ್ನೆಲ್ಲ ಕಂಪ್ಯೂಟರ್‌ಗೆ ಹಾಕಿಬಿಡಬೇಕು ಅಂತ. ಹಾಕುವ ಮೊದಲು ಹಿಂದಿನ ಪುಟಗಳನ್ನು ಕೂತು ಓದಿದೆ. ಏಳು ಮನೆಗಳ ಪೈಕಿ ಒಂದು ಮನೆಯ ಹೆಸರು ಎರಡು ತಿಂಗಳಿಂದ ಇರಲಿಲ್ಲ. ವಿಚಾರಿಸಿದರೆ, ಬುಕಿಂಗ್ ಬಂದಾಗ ವಾಟ್ಸಾಪ್ ಗುಂಪಿನಲ್ಲಿ ಯಾರು ಮೊದಲು "ಸರಿ" ಅನ್ನುತ್ತಾರೋ ಅವರಿಗೆ ಅತಿಥಿ ಹೋಗುತ್ತಿದ್ದರು. ಆ ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿಯ ಹತ್ತಿರ ಸ್ಮಾರ್ಟ್‌ಫೋನ್ ಇರಲಿಲ್ಲ. ಯಾರೂ ಬೇಕಂತ ಬಿಟ್ಟದ್ದಲ್ಲ. ಮುಂದಿನ ಸಭೆಯಲ್ಲಿ ನೋಟ್‌ಬುಕ್ ತೆರೆದು ತೋರಿಸಿದೆ. ಮತ್ತೆ ಸರದಿ ಪದ್ಧತಿ ಬಂತು, ಅಜ್ಜಿಗೆ ಸಂಜೆ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ ಹೇಳುವುದು ಅಂತ ಆಯಿತು. ಬುಕಿಂಗ್ ಸಾಫ್ಟ್‌ವೇರ್ ಮಾಡಿದ್ದರೆ ಆ ಮನೆ ಪೂರ್ತಿ ಹೊರಗೆ ಉಳಿಯುತ್ತಿತ್ತು.

ಹಾಗಾಗಿ ಮೊದಲ ಎರಡು ವಾರ ಏನನ್ನೂ ಬದಲಾಯಿಸಲು ಹೋಗಬೇಡಿ. ನೋಡಿ, ಕೇಳಿ, ಬರೆದುಕೊಳ್ಳಿ.

ಇಲ್ಲಿ ಜನ ಮಾಡುವ ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇನ್‌ಸ್ಟಾಗ್ರಾಂ ಪೇಜ್. ವಿದ್ಯಾರ್ಥಿ ತನ್ನ ಫೋನ್ ನಂಬರಿನಲ್ಲಿ ಪೇಜ್ ಶುರು ಮಾಡುತ್ತಾರೆ, ಚೆಂದದ ಫೋಟೋ ಹಾಕುತ್ತಾರೆ, ನಾಲ್ಕು ತಿಂಗಳಾದ ಮೇಲೆ ಹೊರಟುಬಿಡುತ್ತಾರೆ. ಪಾಸ್‌ವರ್ಡ್ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅತಿಥಿಗಳು ಅಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಇಲ್ಲ. ಊರಿನ ಹೆಸರು ಕೆಡುತ್ತದೆ. ಏನೇ ಮಾಡಿದರೂ ಸಂಘದ ಇಮೇಲ್‌ನಲ್ಲಿ ಮಾಡಿ, ಊರಿನ ಒಬ್ಬರಿಗೆ ಮೊದಲ ದಿನದಿಂದ ಜೊತೆಗೇ ಕಲಿಸಿ. ಅವರು ಕಲಿಯಲು ಒಪ್ಪದಿದ್ದರೆ ಆ ಕೆಲಸ ಶುರು ಮಾಡದಿರುವುದೇ ಒಳ್ಳೆಯದು.

ಫೋಟೋ ತೆಗೆಯುವ ಮೊದಲು ಕೇಳಿ. ಪ್ರಚಾರಕ್ಕೆ ಬಳಸುವುದಾದರೆ ಒಪ್ಪಿಗೆ ಬರಹದಲ್ಲಿ ಬೇಕು, ಮಕ್ಕಳದ್ದಾದರೆ ಅಪ್ಪ ಅಮ್ಮನದು. ಯುರೋಪಿನಲ್ಲಿ ಖಾಸಗಿ ಮಾಹಿತಿಯ ಕಾನೂನು 2018ರಿಂದ ಬಹಳ ಬಿಗಿ. ಕಾನೂನು ಇರಲಿ ಬಿಡಲಿ, ನಮ್ಮಜ್ಜಿ ಒಲೆ ಮುಂದೆ ಕೂತಿರುವ ಫೋಟೋ ಅವರಿಗೆ ಗೊತ್ತಿಲ್ಲದೆ ಯಾರಾದರೂ ಜಾಹೀರಾತಿಗೆ ಹಾಕಿದರೆ ನಮಗೆ ಹೇಗೆ ಆಗುತ್ತಿತ್ತು?

ಊರಿನವರು ಸಂಬಳಕ್ಕೆ ಮಾಡುವ ಕೆಲಸವನ್ನು ನೀವು ಉಚಿತವಾಗಿ ಮಾಡಬೇಡಿ. ಅಲ್ಲಿ ಒಬ್ಬ ಗೈಡ್ ಇದ್ದರೆ ಅವರ ಜೊತೆ ನಡೆಯಿರಿ, ಅವರ ಜಾಗದಲ್ಲಿ ನಡೆಯಬೇಡಿ. ಇಟಲಿಯಲ್ಲಂತೂ ಹಣ ಪಡೆದು ಗೈಡ್ ಕೆಲಸ ಮಾಡುವುದಕ್ಕೆ ಅದರದೇ ನಿಯಮಗಳಿವೆ.

ಹಂತ 9: ವಾಪಸ್ ಬರುವಾಗಿನ ಕಾಗದಗಳು

ಗ್ರಾಂಟ್‌ನ ಲೆಕ್ಕ ದಿನದ ಮೇಲೆ ನಡೆಯುತ್ತದೆ. ಒಂದು ತಿಂಗಳು ಅಂದರೆ 30 ದಿನ. ಅಗ್ರಿಮೆಂಟ್‌ನಲ್ಲಿ ಇದ್ದದ್ದಕ್ಕಿಂತ ಎರಡು ವಾರ ಮೊದಲೇ ಬಂದರೆ ಆ ದಿನಗಳ ಹಣ ವಾಪಸ್ ಕೇಳಬಹುದು. 2 ತಿಂಗಳೂ ತುಂಬದಿದ್ದರೆ ಪೂರ್ತಿ ಹಣವನ್ನೇ ಕೇಳಬಹುದು. ಕಾಯಿಲೆ, ಮನೆಯಲ್ಲಿ ಸಾವು, ಹೀಗೆ ಕೈಮೀರಿದ ಕಾರಣ ಇದ್ದರೆ ವಿನಾಯಿತಿ ಇದೆ. ಆದರೆ ಹೊರಡುವ ಮೊದಲು ಆಫೀಸಿಗೆ ಬರೆದು ತಿಳಿಸಿರಬೇಕು.

ಮುಗಿದ ಮೇಲೆ ಹೋಸ್ಟ್ ಕಡೆಯಿಂದ ಟ್ರೇನಿಶಿಪ್ ಸರ್ಟಿಫಿಕೇಟ್ ಬೇಕು. ಅಗ್ರಿಮೆಂಟ್‌ನ ಮೂರನೇ ಭಾಗವೇ ಅದು. ಕೊಡಲು ಅವರಿಗೆ 5 ವಾರ ಸಮಯ ಇದೆ. ನಿಮ್ಮ ಆನ್‌ಲೈನ್ ವರದಿಗೆ ಇಮೇಲ್ ಬರುತ್ತದೆ, 30 ದಿನದೊಳಗೆ ತುಂಬಿಸಿ. ಸ್ಪ್ಯಾಮ್ ಫೋಲ್ಡರ್ ನೋಡಿ, ಅದು ಹೆಚ್ಚಾಗಿ ಅಲ್ಲೇ ಬಿದ್ದಿರುತ್ತದೆ. ವರದಿ ಕೊಡದಿದ್ದರೆ ಕೊನೆಯ ಕಂತು ಬರುವುದಿಲ್ಲ.

ಸರ್ಟಿಫಿಕೇಟ್‌ಗೆ 5 ವಾರ ಕಾಯಲು ಹೋಗಬೇಡಿ. ಕೊನೆಯ ವಾರದಲ್ಲೇ ತುಂಬಿಸಿ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಶುರುವಾದ ದಿನ, ಮುಗಿದ ದಿನ ಎರಡೂ ಅಗ್ರಿಮೆಂಟ್ ಜೊತೆ ಹೊಂದುತ್ತವೆಯೇ ನೋಡಿ. ಸಹಿಯ ತಾರೀಕು ಮುಗಿದ ದಿನಕ್ಕಿಂತ ಹಿಂದಿನದಾದರೆ ಕೆಲವು ಆಫೀಸ್‌ಗಳು ಒಪ್ಪುವುದಿಲ್ಲ. ಅದಕ್ಕೇ ಸಹಿ, ಸೀಲು ಕೊನೆಯ ದಿನವೇ ಆಗಬೇಕು. ಸಂಘದ ಅಧ್ಯಕ್ಷರಿಗೆ ಹಿಂದಿನ ಸಂಜೆಯೇ ಹೇಳಿಡಿ. ಬೆಳಗ್ಗೆ ಕುರಿ ಹೊಡೆದುಕೊಂಡು ಬೆಟ್ಟಕ್ಕೆ ಹೋದರೆ ಅವರು ಬರುವುದು ಕತ್ತಲಾದ ಮೇಲೆ, ಅಷ್ಟರಲ್ಲಿ ನಿಮ್ಮ ಬಸ್ ಹೋಗಿರುತ್ತದೆ.